ದೊಂಬಿಯಲ್ಲಿದ್ದವರು ಯಾರು?

ಎಲ್ಲಿಯಾದರೂ ಮತದ ಹೆಸರಿನಲ್ಲಿ ದೊಂಬಿಯಾಗಿ, ಮನೆಗಳು ಸುಟ್ಟು, ಜನರು ಸತ್ತರೆಂಬ ಸುದ್ದಿಯನ್ನು ಓದಿದಾಗ ನಾವೆಲ್ಲರೂ ಆಡುವ ಮಾತು ಒಂದೇ: “ಜನಕ್ಕೆ ಹುಚ್ಚು ಹಿಡಿದಿತ್ತು.” ಅದರ ಬೆನ್ನಿಗೇ ಇನ್ನೊಂದು: “ಪುಂಡರು ಮಾಡಿದ ಕೆಲಸ, ಮರ್ಯಾದಸ್ಥರು ಅಲ್ಲಿ ಇರಲಿಕ್ಕಿಲ್ಲ.” ಈ ಎರಡು ಮಾತುಗಳನ್ನಾಡಿ, ಪತ್ರಿಕೆಯನ್ನು ಮಡಿಸಿಟ್ಟು, ನಾವು ಊಟಕ್ಕೆ ಏಳುತ್ತೇವೆ. ಮನಸ್ಸಿಗೆ ಅದರಿಂದ ಒಂದು ಬಗೆಯ ಸಮಾಧಾನವೂ ಆಗುತ್ತದೆ. ಹುಚ್ಚರೂ ಪುಂಡರೂ ನಮ್ಮ ಮನೆಯವರಲ್ಲವಷ್ಟೆ!

ಈ ಸಮಾಧಾನವನ್ನು ನಮ್ಮ ಕೈಯಿಂದ ಕಿತ್ತುಕೊಂಡ ಒಬ್ಬ ಚರಿತ್ರಕಾರ್ತಿಯ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ. ಇವರ ಹೆಸರು ನ್ಯಾಟಲಿ ಜೀಮನ್ ಡೇವಿಸ್. 2023ನೆಯ ಇಸವಿ ಅಕ್ಟೋಬರ್ 21ರಂದು, ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಇವರು ಕಾಲವಾದರು. ಹದಿನಾರನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಕ್ರೈಸ್ತರು ಕ್ರೈಸ್ತರೊಡನೆಯೇ ಬಡಿದಾಡಿದ ಕಾಲವು ಇವರ ಜೀವಮಾನದ ಅಧ್ಯಯನಕ್ಕೆ ವಿಷಯವಾಗಿತ್ತು. ಆ ಕಾಲದ ರಾಜರನ್ನೂ ಸೇನಾಪತಿಗಳನ್ನೂ ಕುರಿತು ಬರೆದವರು ಬಹಳ ಮಂದಿ. ಡೇವಿಸ್ ಅವರು ಅಚ್ಚುಕೂಟದ ಆಳುಗಳನ್ನೂ, ರೊಟ್ಟಿ ಸಿಕ್ಕದ ಬಡವರನ್ನೂ, ಗಂಡನು ಬಿಟ್ಟುಹೋದ ಹಳ್ಳಿಯ ಹೆಂಗಸನ್ನೂ ಕುರಿತು ಬರೆದರು.

ಅವರು 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಬಟ್ಟೆಯ ವ್ಯಾಪಾರ ನಡಸುತ್ತಿದ್ದ ಒಂದು ಯೆಹೂದ್ಯ ಮನೆತನದಲ್ಲಿ ಹುಟ್ಟಿದರು. ಸ್ಮಿತ್ ಕಾಲೇಜಿನಲ್ಲಿ ಓದುತ್ತಿರುವಾಗಲೇ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಚಾಂಡ್ಲರ್ ಡೇವಿಸ್ ಎಂಬ ತರುಣ ಗಣಿತಜ್ಞನನ್ನು ಮದುವೆಯಾದರು. ವರನು ಯೆಹೂದ್ಯನಲ್ಲ, ಆದಕಾರಣ ತಾಯಿತಂದೆಗಳಿಗೆ ಇದು ಸಮ್ಮತವಾಗಲಿಲ್ಲ. ಮತಭೇದವೆಂಬುದು ಊಟದ ಮೇಜಿನ ಸುತ್ತಲೂ ಹೇಗೆ ಕುಳಿತಿರುತ್ತದೆಂಬುದನ್ನು ಈ ಮಹಿಳೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲವೆಂದು ನಮಗೆ ತೋರುತ್ತದೆ. 1948ರಲ್ಲಿ ನಡೆದ ಆ ಮದುವೆ 2022ರಲ್ಲಿ ಚಾಂಡ್ಲರ್ ಡೇವಿಸ್ ತೀರಿಕೊಳ್ಳುವವರೆಗೆ, ಎಪ್ಪತ್ತನಾಲ್ಕು ವರ್ಷ, ಬಾಳಿತು.

ಡಾಕ್ಟರ್ ಪದವಿಗಾಗಿ ಅವರು ಆರಿಸಿಕೊಂಡುದು ಲಿಯಾನ್ ನಗರ. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಸ್ಥಳದಲ್ಲಿರುವ ಈ ಪಟ್ಟಣವು ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ದೊಡ್ಡ ಪೇಟೆಗಳಲ್ಲಿ ಒಂದು. ವರ್ಷಕ್ಕೆ ನಾಲ್ಕು ಸಂತೆಗಳು, ಇಟಲಿಯ ಸಾಹುಕಾರರು, ರೇಷ್ಮೆಯ ಮಗ್ಗಗಳು, ಎಲ್ಲಕ್ಕಿಂತ ಹೆಚ್ಚಾಗಿ ಅಚ್ಚುಕೂಟಗಳು. ಪ್ರಾಟೆಸ್ಟಂಟರ ಹೊಸ ಬೋಧೆ ಇಲ್ಲಿ ಬೇಗನೆ ಬೇರೂರಿತು. 1562ರಲ್ಲಿ ಅವರು ನಗರದ ಆಡಳಿತವನ್ನೇ ವಶಪಡಿಸಿಕೊಂಡರು. ಹತ್ತು ವರ್ಷಗಳನಂತರ, 1572ರಲ್ಲಿ, ಪ್ಯಾರಿಸಿನ ಸೇಂಟ್ ಬಾರ್ತಲೋಮ್ಯೂ ಹಬ್ಬದ ಹತ್ಯಾಕಾಂಡವು ಒಂದು ವಾರದೊಳಗಾಗಿ ಲಿಯಾನಿಗೂ ಹರಡಿ, ಅದೇ ಪ್ರಾಟೆಸ್ಟಂಟರ ರಕ್ತವು ನದಿಯ ಪಾಲಾಯಿತು.

1952ರಲ್ಲಿ ಡೇವಿಸ್ ಅವರು ಲಿಯಾನಿಗೆ ಹೋಗಿ, ಕೆಲವು ತಿಂಗಳು ಅಲ್ಲಿದ್ದು, ದಫ್ತರಖಾನೆಯ ಹಳೆಯ ಕಾಗದಗಳ ನಡುವೆ ದುಡಿದರು. ತೆರಿಗೆಯ ಪಟ್ಟಿ, ಮದುವೆಯ ಕರಾರು, ಮರಣಶಾಸನ, ದಾನಧರ್ಮದ ಲೆಕ್ಕ, ಪಾಷಂಡಿಗಳೆಂದು ಹಿಡಿತರಲ್ಪಟ್ಟವರ ವಿಚಾರಣೆ, ಇವುಗಳಿಂದ ಒಂದೊಂದೇ ಹೆಸರನ್ನು ಹೆಕ್ಕಿ, ಅವನ ಕಸುಬೇನು, ಕೇರಿ ಯಾವುದು, ಮತ ಯಾವುದು ಎಂದು ಬರೆದುಕೊಳ್ಳುವುದೇ ಆ ಕೆಲಸ. ಆಗಿನ ವಿದ್ವಾಂಸರಲ್ಲಿ ಒಂದು ನಂಬಿಕೆಯಿತ್ತು: ಮತದ ಜಗಳವೆಂದರೆ ಒಳಗೆ ಬಡವ ಬಲ್ಲಿದರ ಜಗಳವೇ, ದೇವರ ಹೆಸರು ಹೊದಿಕೆ ಮಾತ್ರ. ತರುಣಿಯಾದ ಡೇವಿಸ್ ಅವರೂ ಅದನ್ನೇ ಬಹುಮಟ್ಟಿಗೆ ನಿರೀಕ್ಷಿಸಿ ಹೋಗಿದ್ದರು. ಎಣಿಸಿ ನೋಡಿದರೆ ಲೆಕ್ಕವು ಹಾಗೆ ಬರಲಿಲ್ಲ. ಪ್ರಾಟೆಸ್ಟಂಟರಲ್ಲಿ ಸಿರಿವಂತರಿದ್ದರು, ವಕೀಲರಿದ್ದರು, ಕೂಲಿಯ ಕುಶಲಕರ್ಮಿಗಳೂ ಇದ್ದರು, ಕ್ಯಾಥೊಲಿಕರಲ್ಲಿಯೂ ಹಾಗೆಯೇ. ವ್ಯತ್ಯಾಸ ಕಂಡುದು ಬೇರೆ ಕಡೆ. ಮುದ್ರಣದಂಥ ಹೊಸ ಕಸುಬುಗಳಲ್ಲಿ, ಕೈಚಳಕಕ್ಕೆ ಹೆಮ್ಮೆಪಡುವ ಕಸುಬುಗಳಲ್ಲಿ, ಹೊಸ ಮತಕ್ಕೆ ಒಲಿದವರು ಹೆಚ್ಚು. ಧಾನ್ಯ, ಮದ್ಯ, ಮಾಂಸ ಮಾರುವ ಹಳೆಯ ವ್ಯಾಪಾರಗಳಲ್ಲಿ ಕಡಮೆ.

ಅಚ್ಚುಕೂಟದ ಆಳುಗಳ ಕಥೆಯು ಬಹಳ ಸ್ವಾರಸ್ಯವಾದುದು. ಇವರಿಗೆ ಗ್ರಿಫಾರಿನರ ಕೂಟವೆಂಬ ಗುಪ್ತ ಸಂಘವಿತ್ತು. ಸೇರುವಾಗ ಪ್ರತಿಜ್ಞೆ, ವಿನೋದದ ದೀಕ್ಷೆ, ಕುಡಿತ, ಎಲ್ಲವೂ ಇದ್ದುವು. 1539ರಲ್ಲಿ ಇವರು ದೊಡ್ಡದೊಂದು ಮುಷ್ಕರ ಹೂಡಿದರು. ಕಾರಣಗಳಲ್ಲಿ ಒಂದು ಊಟ! ಆಗ ಆಳುಗಳು ಯಜಮಾನನ ಮನೆಯಲ್ಲಿಯೇ ಉಣ್ಣುತ್ತಿದ್ದರು. ಬಡಿಸುವುದು ಮೊದಲಿನಂತಿಲ್ಲವೆಂದು ಇವರ ದೂರು. ಮನೆಯಲ್ಲಿ ಆಳುಕಾಳುಗಳನ್ನಿಟ್ಟುಕೊಂಡು ಬಾಳಿದ ನಮ್ಮ ವಾಚಕಿಯರಿಗೆ ಈ ದೂರು ಅಪರಿಚಿತವಾಗಿರಲಾರದು. ಮುಂದೆ ಇದೇ ಆಳುಗಳು ಹೊಸ ಮತಕ್ಕೆ ಸೇರಿ, ತಮ್ಮ ತಾಯ್ನುಡಿಯಲ್ಲಿ ಅಚ್ಚಾದ ಕೀರ್ತನೆಗಳನ್ನು ಬೀದಿಯಲ್ಲಿ ಗಟ್ಟಿಯಾಗಿ ಹಾಡುತ್ತ ಮೆರವಣಿಗೆ ಹೊರಟರು. ಕೂಲಿಯ ವಿಷಯದಲ್ಲಿ ಯಾವ ಯಜಮಾನನೊಡನೆ ಇವರಿಗೆ ಹಗೆತನವೋ, ದೇವರ ವಿಷಯದಲ್ಲಿ ಅದೇ ಯಜಮಾನನ ಪಕ್ಕದಲ್ಲಿ ನಿಂತರು. ಆದರೆ ಹೊಸ ಸಭೆಯು ಬಲಗೊಂಡ ಮೇಲೆ ಅದರ ಹಿರಿಯರಾಗಿ ಕುಳಿತವರು ಯಜಮಾನರೂ ವರ್ತಕರೂ. ಗುಪ್ತ ಕೂಟವೂ ಅದರ ಪ್ರತಿಜ್ಞೆಗಳೂ ಅವರಿಗೆ ಸಹಿಸಲಿಲ್ಲ. ಆಳುಗಳು ಕೂಟವನ್ನು ಬಿಡಲೊಲ್ಲದೆ, ಒಬ್ಬೊಬ್ಬರಾಗಿ ಹಳೆಯ ಇಗರ್ಜಿಗೆ ಹಿಂದಿರುಗಿದರು. ಹೊಟ್ಟೆಯ ಜಗಳವೇ ಬೇರೆ, ಆತ್ಮದ ಜಗಳವೇ ಬೇರೆ. ಒಂದನ್ನು ಇನ್ನೊಂದರ ಮುಖವಾಡವೆಂದು ತಿಳಿದರೆ ಎರಡೂ ಅರ್ಥವಾಗುವುದಿಲ್ಲವೆಂದು ಡೇವಿಸ್ ಅವರು ಕಂಡುಕೊಂಡುದು ಇಲ್ಲಿ.

ಲಿಯಾನಿನಿಂದ ಹಿಂದಿರುಗಿ ಬಹಳ ದಿನವಾಗಿರಲಿಲ್ಲ. ಅಮೆರಿಕ ಸರಕಾರದ ಇಬ್ಬರು ಅಧಿಕಾರಿಗಳು ಮನೆಗೆ ಬಂದು ದಂಪತಿಗಳ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡುಹೋದರು. ಅಮೆರಿಕದಲ್ಲಿ ಅದು ಕಮ್ಯೂನಿಸ್ಟರ ಭಯದ ಕಾಲ. ದೇಶದ್ರೋಹದ ಪ್ರವೃತ್ತಿಗಳನ್ನು ಹುಡುಕುವುದಕ್ಕೆಂದು ಶಾಸನಸಭೆಯು ನೇಮಿಸಿದ್ದ ಸಮಿತಿಯೊಂದು ಪಾಠಶಾಲೆ, ನಾಟಕಶಾಲೆ, ವಿಶ್ವವಿದ್ಯಾನಿಲಯಗಳಲ್ಲಿ ಜನರನ್ನು ಕರೆಕರೆದು, “ನೀನು ಯಾವ ಪಕ್ಷದವನು? ನಿನ್ನ ಸ್ನೇಹಿತರು ಯಾರು?” ಎಂದು ಪ್ರಶ್ನಿಸುತ್ತಿತ್ತು. ಡೇವಿಸ್ ಅವರು ಒಬ್ಬ ಗೆಳತಿಯೊಡನೆ ಸೇರಿ ಈ ಸಮಿತಿಯ ನಡತೆಯನ್ನು ಖಂಡಿಸುವ ಒಂದು ಚಿಕ್ಕ ಪುಸ್ತಿಕೆಯನ್ನು, ಹೆಸರು ಹಾಕದೆ, ಬರೆದಿದ್ದರು. ಅದರ ಅಚ್ಚಿನ ವ್ಯವಹಾರದಲ್ಲಿ ಪತಿಯ ಹೆಸರಿತ್ತು. ಹದಿನಾರನೆಯ ಶತಮಾನದ ಲಿಯಾನಿನಲ್ಲಿ ಹೆಸರಿಲ್ಲದ ಪುಸ್ತಿಕೆಗಳನ್ನು ಅಚ್ಚುಹಾಕಿ ಸಿಕ್ಕಿಬಿದ್ದವರ ಗತಿಯನ್ನು ಅಭ್ಯಾಸಮಾಡುತ್ತಿದ್ದವರಿಗೆ, ಇಪ್ಪತ್ತನೆಯ ಶತಮಾನದಲ್ಲಿ, ತಮ್ಮ ಮನೆಯ ಬಾಗಿಲಿನಲ್ಲಿಯೇ ಆ ಪಾಠವು ಮತ್ತೊಮ್ಮೆ ಆಯಿತು.

ವಿಷಯವು ಪಾಸ್‌ಪೋರ್ಟಿಗೇ ಮುಗಿಯಲಿಲ್ಲ. 1954ರಲ್ಲಿ ಚಾಂಡ್ಲರ್ ಡೇವಿಸ್ ಅವರನ್ನು ಸಮಿತಿಯು ಕರೆಸಿತು. ತನ್ನ ಮೇಲೆ ತಾನೇ ಸಾಕ್ಷಿ ಹೇಳಲಾರೆನೆಂಬ ರಕ್ಷಣೆಯನ್ನು ಆಗ ಅನೇಕರು ಬಳಸುತ್ತಿದ್ದರು. ಅದರಿಂದ ಸೆರೆಮನೆ ತಪ್ಪುತ್ತಿತ್ತು. ಆತನು ಬೇಕೆಂದೇ ಅದನ್ನು ಬಿಟ್ಟು, “ವಾಕ್‌ಸ್ವಾತಂತ್ರ್ಯವಿರುವ ದೇಶದಲ್ಲಿ ಇಂಥ ಪ್ರಶ್ನೆಯನ್ನು ಕೇಳುವ ಅಧಿಕಾರವೇ ನಿಮಗಿಲ್ಲ” ಎಂಬ ವಾದವನ್ನು ಹಿಡಿದನು. ಮಿಚಿಗನ್ ವಿಶ್ವವಿದ್ಯಾನಿಲಯದ ಕೆಲಸ ಹೋಯಿತು. ಮೊಕದ್ದಮೆಯು ವರ್ಷಗಟ್ಟಲೆ ನಡೆದು, 1960ರಲ್ಲಿ ಆತನು ಆರು ತಿಂಗಳು ಸೆರೆಮನೆಯಲ್ಲಿ ಕಳೆಯಬೇಕಾಯಿತು. ಅಲ್ಲಿ ಕುಳಿತು ಬರೆದ ಗಣಿತ ಪ್ರಬಂಧವೊಂದರ ಅಡಿಯಲ್ಲಿ, ಈ ಸಂಶೋಧನೆಗೆ ಸರಕಾರದ ಕಾರಾಗೃಹ ಇಲಾಖೆಯ ನೆರವು ದೊರೆತಿದೆಯೆಂದೂ, ಆದರೆ ಇದರಲ್ಲಿನ ಅಭಿಪ್ರಾಯಗಳಿಗೆ ಇಲಾಖೆಯು ಹೊಣೆಯಲ್ಲವೆಂದೂ ಸೇರಿಸಿದನಂತೆ! ಧೈರ್ಯವೆಂಬುದು ಯಾವಾಗಲೂ ಹುಬ್ಬುಗಂಟಿಕ್ಕಿಕೊಂಡೇ ಇರಬೇಕೆಂದಿಲ್ಲ.

ಈ ವರ್ಷಗಳಲ್ಲಿಯೇ ಮೂವರು ಮಕ್ಕಳು ಹುಟ್ಟಿದ್ದರು. ಗಂಡನಿಗೆ ನೆಲೆಯಾದ ಉದ್ಯೋಗವಿಲ್ಲ, ಮನೆಯಲ್ಲಿ ಎಳೆಯ ಕೂಸುಗಳು, ಅರ್ಧ ಬರೆದ ಪ್ರಬಂಧಕ್ಕೆ ಬೇಕಾದ ಕಾಗದಗಳು ಸಮುದ್ರದಾಚೆ, ಹೋಗುವುದಕ್ಕೆ ರಹದಾರಿಯಿಲ್ಲ. ಇಂಥ ಸ್ಥಿತಿಯಲ್ಲಿ ಓದನ್ನು ಕೈಬಿಟ್ಟಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ. ಅವರು ಮಾಡಿದುದು ಬೇರೆ. ಲಿಯಾನಿಗೆ ತಾವು ಹೋಗಲಾರದಿದ್ದರೂ ಲಿಯಾನಿನಲ್ಲಿ ಅಚ್ಚಾದ ಪುಸ್ತಕಗಳು ನಾಲ್ಕುನೂರು ವರ್ಷಗಳಲ್ಲಿ ಎಲ್ಲೆಲ್ಲಿಯೋ ಸಂಚರಿಸಿ ಅಮೆರಿಕಕ್ಕೆ ಬಂದಿದ್ದುವಷ್ಟೆ. ನ್ಯೂಯಾರ್ಕಿನ ದೊಡ್ಡ ಗ್ರಂಥಭಂಡಾರಗಳಲ್ಲಿ ಅವು ಸಿಕ್ಕುತ್ತಿದ್ದುವು. ಅವನ್ನು ತೆರೆದು, ಒಳಗಿನ ವಿಷಯವನ್ನು ಮಾತ್ರವಲ್ಲದೆ ಪುಸ್ತಕವನ್ನೇ ಒಂದು ಸಾಕ್ಷಿಯಾಗಿ ನೋಡುವುದನ್ನು ಅವರು ಕಲಿತರು: ಅರ್ಪಣೆ ಯಾರಿಗೆ? ಮುನ್ನುಡಿಯಲ್ಲಿ ಯಾರನ್ನು ಓಲೈಸಿದ್ದಾರೆ? ಚಿತ್ರದ ಅಚ್ಚು ಯಾರಿಗಾಗಿ? ಅಂಚಿನಲ್ಲಿ ಯಾವನೋ ಓದುಗನು ಗೀಚಿದುದೇನು? ವರ್ತಕರ ಮಕ್ಕಳಿಗಾಗಿ ಅಚ್ಚಾದ ಅಂಕಗಣಿತದ ಪುಸ್ತಕಗಳನ್ನೂ ಬಿಡಲಿಲ್ಲ. ಲಾಭ ಮಾಡುವುದು ಪಾಪವೋ ಗೌರವವೋ ಎಂಬ ಪ್ರಶ್ನೆಯು ಬಡ್ಡಿ ಲೆಕ್ಕದ ಉದಾಹರಣೆಗಳೊಳಗೆ ಅಡಗಿರುವುದನ್ನು ತೋರಿಸಿ, 1960ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಡಾಕ್ಟರ್ ಪದವಿಯು ಅದರ ಹಿಂದಿನ ವರ್ಷ, 1959ರಲ್ಲಿ, ಬಂದಿತ್ತು. ಯಾವ ಅಧಿಕಾರಿಯು ಅವರ ದಾರಿಯನ್ನು ಮುಚ್ಚಿದನೋ ಅವನಿಗೆ ತಿಳಿಯದೆಯೇ ಇನ್ನೊಂದು ದಾರಿಯು ತೆರೆಯಿತು. ಹಾಗೆಂದು ಆ ಅಧಿಕಾರಿಗೆ ನಾವು ಕೃತಜ್ಞತೆ ಹೇಳಬೇಕಾದುದಿಲ್ಲ.

1962ರಲ್ಲಿ ಸಂಸಾರವು ಕೆನಡಾಕ್ಕೆ ತೆರಳಿತು. ಟೊರಾಂಟೊ ವಿಶ್ವವಿದ್ಯಾನಿಲಯವು ಚಾಂಡ್ಲರ್ ಅವರಿಗೆ ಕೆಲಸ ಕೊಟ್ಟಿತು. ಮುಂದೆ ಅದೇ ಊರಿನಲ್ಲಿ ನ್ಯಾಟಲಿ ಅವರೂ ಅಧ್ಯಾಪಿಕೆಯಾದರು. ಪಾಸ್‌ಪೋರ್ಟು ಮರಳಿ ಬಂದಿತ್ತು; ಲಿಯಾನಿನ ಕಾಗದಗಳೂ ಮತ್ತೆ ಕೈಗೆ ಸಿಕ್ಕಿದುವು. ಆ ನಗರದಲ್ಲಿ 1530ರ ದಶಕದಲ್ಲಿ ಆರಂಭವಾದ ದರಿದ್ರ ಸಂರಕ್ಷಣೆಯ ವ್ಯವಸ್ಥೆಯನ್ನು ಕುರಿತು ಅವರು ಬರೆದ ಲೇಖನವನ್ನು ಇಲ್ಲಿ ಹೆಸರಿಸದೆ ಇರಲಾರೆವು. ಬರಗಾಲದಲ್ಲಿ ಹಳ್ಳಿಗಳಿಂದ ಹರಿದುಬಂದ ಹಸಿದವರಿಗೆ ರೊಟ್ಟಿ ಹಂಚುವುದಕ್ಕೆ, ಅನಾಥ ಮಕ್ಕಳಿಗೆ ವಿದ್ಯೆಯೂ ಕಸುಬೂ ಕಲಿಸುವುದಕ್ಕೆ, ಕ್ಯಾಥೊಲಿಕ್ ಪಾದ್ರಿಯೂ ಹೊಸ ಮತಕ್ಕೆ ಒಲಿದ ವರ್ತಕನೂ ಕೂಡಿ ದುಡಿದಿದ್ದರು. ದಾನದ ಈ ಹೊಸ ಕ್ರಮವು ಪ್ರಾಟೆಸ್ಟಂಟರ ಸೃಷ್ಟಿಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದುವು. ಲೆಕ್ಕದ ಪುಸ್ತಕಗಳನ್ನು ಬಿಚ್ಚಿದಾಗ, ಒಂದೇ ಅನ್ನಛತ್ರದಲ್ಲಿ ಇಬ್ಬರೂ ಬಡಿಸುತ್ತಿದ್ದುದು ಕಂಡಿತು. ಮುಂದೆ ಕೆಲವೇ ವರ್ಷಗಳಲ್ಲಿ ಅದೇ ಊರು ಇಬ್ಭಾಗವಾಗಿ ಕತ್ತಿ ಹಿಡಿಯಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಕತ್ತಿ ಹಿಡಿದವರ ವಿಷಯಕ್ಕೆ ಈಗ ಬರಬೇಕು. 1973ರಲ್ಲಿ, ಹಿಂಸೆಯ ವಿಧಿಗಳನ್ನು ಕುರಿತು ಡೇವಿಸ್ ಅವರು ಇಂಗ್ಲೆಂಡಿನ ಒಂದು ಚರಿತ್ರಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಫ್ರಾನ್ಸಿನ ಪಟ್ಟಣಗಳಲ್ಲಿ 1560ರಿಂದ 1572ರವರೆಗೆ ನಡೆದ ಮತಕಲಹಗಳನ್ನು, ಉಭಯ ಪಕ್ಷದವರೂ ಬರೆದಿಟ್ಟ ವರದಿಗಳಿಂದ, ಒಂದೊಂದಾಗಿ ಪರೀಕ್ಷಿಸಿದ ಪ್ರಬಂಧ. ಅವರು ಕೇಳಿದ ಪ್ರಶ್ನೆಗಳು ಬಹಳ ಸರಳವಾದುವು. ದೊಂಬಿಯಲ್ಲಿ ಇದ್ದವರು ಯಾರು? ಯಾವ ದಿನ, ಯಾವ ಹೊತ್ತು, ಯಾವ ಸ್ಥಳದಲ್ಲಿ ಅದು ಆರಂಭವಾಯಿತು? ಕೈಗೆ ಸಿಕ್ಕವರನ್ನು ಅವರು ಮಾಡಿದುದೇನು, ಅದನ್ನೇ ಏಕೆ ಮಾಡಿದರು?

ಉತ್ತರಗಳು ಸರಳವಲ್ಲ. ಗುಂಪಿನಲ್ಲಿ ಪುಂಡರಿದ್ದುದು ನಿಜ. ಆದರೆ ಮನೆಮಾರುಳ್ಳ ಕುಶಲಕರ್ಮಿಗಳೂ, ವರ್ತಕರೂ, ವಕೀಲರೂ, ಪಾದ್ರಿಗಳೂ, ಹೆಂಗಸರೂ, ಹದಿಹರೆಯದ ಹುಡುಗರೂ ಅಲ್ಲಿದ್ದರು. ಹಸಿವಿನಿಂದ ದೊಂಬಿಯೆದ್ದಿತೆನ್ನೋಣವೇ? ಧಾನ್ಯದ ಬೆಲೆ ಏರಿದ ದಿನಗಳಲ್ಲಿ ಕೆಲವು ಗಲಭೆಗಳಾದುವು, ಇಳಿದ ದಿನಗಳಲ್ಲಿಯೂ ಆದುವು. ಸಿರಿವಂತರ ಮೇಲಿನ ಕೋಪವೆನ್ನೋಣವೇ? ಸತ್ತವರಲ್ಲಿ ಕೈಕಸುಬಿನವರೇ ಬಹಳ ಮಂದಿ ಇದ್ದರು. (ಈ ಒಂದು ಅಂಶದ ಮೇಲೆ ಫ್ರಾನ್ಸಿನ ಒಬ್ಬ ವಿದುಷಿಗೂ ಇವರಿಗೂ 1975ರಲ್ಲಿ ಅದೇ ಪತ್ರಿಕೆಯಲ್ಲಿ ವಾದವೇ ನಡೆಯಿತು, ಇಬ್ಬರೂ ಮರ್ಯಾದೆ ಬಿಡದೆ ವಾದಿಸಿದರು.) ಗಲಭೆಗಳು ಬಹುಮಟ್ಟಿಗೆ ಹುಟ್ಟಿದುದು ಪೂಜೆಯ ವೇಳೆಯಲ್ಲಿ: ಹಬ್ಬದ ಮೆರವಣಿಗೆ ಹೋಗುವಾಗ, ಗಂಟೆ ಬಾರಿಸುವಾಗ, ಕೀರ್ತನೆ ಹಾಡುವಾಗ, ಒಬ್ಬ ಉಪದೇಶಕನು ವೇದಿಕೆಯಿಂದ ಬೆಂಕಿಯಂಥ ಮಾತನಾಡಿ ಇಳಿದ ಗಳಿಗೆಯಲ್ಲಿ. ದೇವರನ್ನು ಕುರಿತು ಮನಸ್ಸು ಬಹಳ ಎಚ್ಚತ್ತಿರುವ ಹೊತ್ತೇ ಅದು.

ಇನ್ನು ಅವರು ಮಾಡಿದ ಕೃತ್ಯಗಳು. ಹುಚ್ಚನು ಕೈಗೆ ಬಂದುದನ್ನು ಮಾಡುತ್ತಾನೆ, ಇವರು ಹಾಗಲ್ಲ. ಹಿಡಿದವನನ್ನು ನ್ಯಾಯಾಧೀಶನಂತೆ ವಿಚಾರಣೆ ಮಾಡಿದರು, ಶಿಕ್ಷೆ ಓದಿದರು, ಗಲ್ಲಿಗೆ ಕೊಂಡೊಯ್ಯುವ ದಾರಿಯಲ್ಲಿಯೇ ಕೊಂಡೊಯ್ದರು. ಸರಕಾರವು ಮಾಡಬೇಕಾದ ಕೆಲಸವನ್ನು ಮಾಡುತ್ತಿಲ್ಲ, ನಾವು ಮಾಡುತ್ತೇವೆಂಬುದು ಅವರ ಎಣಿಕೆ. ಹೆಣಗಳನ್ನು ನದಿಗೆಸೆದರು, ಮನೆಗಳಿಗೆ ಬೆಂಕಿಯಿಟ್ಟರು. ನೀರೂ ಬೆಂಕಿಯೂ ಶುದ್ಧಿಯ ಸಾಧನಗಳಷ್ಟೆ. ಪಾಷಂಡಿಯ ಇರವಿನಿಂದ ಊರು ಮೈಲಿಗೆಯಾಗಿದೆ, ಅದನ್ನು ತೊಳೆಯದಿದ್ದರೆ ದೈವಕೋಪವು ಎಲ್ಲರ ಮೇಲೆಯೂ ಬೀಳುತ್ತದೆ ಎಂಬ ಭಯವು ಅವರ ಕೈಗಳನ್ನು ನಡಸಿತು. ಪ್ರಾಟೆಸ್ಟಂಟರು ಹೆಚ್ಚಾಗಿ ವಿಗ್ರಹಗಳನ್ನೂ, ಪವಿತ್ರ ಅವಶೇಷಗಳನ್ನೂ, ಪೂಜಾದ್ರವ್ಯಗಳನ್ನೂ ಒಡೆದು ಅಪವಿತ್ರಗೊಳಿಸಿದರು. ಕ್ಯಾಥೊಲಿಕರು ಹೆಚ್ಚಾಗಿ ಮನುಷ್ಯರ ದೇಹದ ಮೇಲೆಯೇ ಬಿದ್ದರು. ಕೊಲೆಯ ಮಾತು ಬಂದಲ್ಲಿ ಎರಡನೆಯವರ ಲೆಕ್ಕವೇ ದೊಡ್ಡದು. ಅಳುಕಿಲ್ಲದೆ ಇಷ್ಟನ್ನು ಮಾಡಲು ಮತ್ತೊಂದು ಸಿದ್ಧತೆಯೂ ಬೇಕಾಗಿತ್ತು. ಬಹಳ ದಿನಗಳಿಂದ ನೆರೆಯವನನ್ನು ಕ್ರಿಮಿಯೆಂದೂ ಪಿಶಾಚಿಯೆಂದೂ ಕರೆದು ಕರೆದು, ಅವನು ಮನುಷ್ಯನೆಂಬುದನ್ನು ಮರೆತಿರಬೇಕು.

ಇದನ್ನೋದುವಾಗ ವಾಚಕರ ಮನಸ್ಸು ಎಲ್ಲಿಗೆ ಓಡುವುದೆಂಬುದನ್ನು ನಾವು ಬಲ್ಲೆವು. ನಮ್ಮದೂ ಅಲ್ಲಿಗೇ ಓಡಿತು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಕೊಲೆಗಾರನ ಮನಸ್ಸಿಗೆ ಇಷ್ಟೊಂದು ಅರ್ಥವನ್ನು ಕಲ್ಪಿಸಿಕೊಟ್ಟರೆ ಅವನ ಪಾಪವು ಹಗುರವಾಗದೇ? ವಿಧಿಯೆಂದೂ ಶುದ್ಧಿಯೆಂದೂ ಹೇಳಿದಾಗ ಒಂದು ಬಗೆಯ ಗೌರವವೇ ಅದಕ್ಕೆ ಬಂದಂತಾಗದೇ? ನಮಗೂ ಮೊದಲ ಸಲ ಓದಿದಾಗ ಹಾಗೆಯೇ ತೋರಿತ್ತು. ಡೇವಿಸ್ ಅವರಿಗೆ ಈ ಅಳುಕು ತಿಳಿಯದುದಲ್ಲ. ವಿಧಿಯಿದ್ದ ಮಾತ್ರಕ್ಕೆ ಹಿಂಸೆಗೆ ಹಕ್ಕು ಬಂದಿತೆಂದು ಅರ್ಥವಲ್ಲವೆಂದು ಪ್ರಬಂಧದ ಕಡೆಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಅವರ ಅಭಿಪ್ರಾಯದಂತೆ, ಊರಿನಲ್ಲಿ ನೆಮ್ಮದಿ ಬೇಕಾದರೆ ದಾರಿತಪ್ಪಿದ ನಾಲ್ವರನ್ನು ಹಿಡಿದು ಸಮಾಧಾನಪಡಿಸಿದರೆ ಸಾಲದು. ನಡುಮನೆಯಲ್ಲಿ ಕುಳಿತ ನಂಬಿಕೆಗಳನ್ನೇ, ಮರ್ಯಾದಸ್ಥರು ಮರ್ಯಾದೆಯಿಂದ ಒಪ್ಪಿಕೊಂಡುಬಂದ ಮೌಲ್ಯಗಳನ್ನೇ, ತಿದ್ದುವ ಯೋಚನೆ ಮಾಡಬೇಕು. ಹುಚ್ಚರೆಂದು ಕರೆದರೆ ಹೊಣೆಯು ಹುಚ್ಚಿನದಾಗುತ್ತದೆ. ಮನುಷ್ಯರೆಂದು ಕರೆದರೆ ಹೊಣೆಯು ಮನುಷ್ಯರದು. ಈಗ ನಮಗೆ ತೋರುವಂತೆ, ಅವರು ಪಾಪವನ್ನು ಹಗುರಮಾಡಲಿಲ್ಲ, ಹೊರುವವರ ಸಂಖ್ಯೆಯನ್ನು ಹೆಚ್ಚಿಸಿದರು.

ಬರ್ಕ್ಲೆಯಲ್ಲಿ ಕೆಲವು ವರ್ಷ, ಅನಂತರ 1978ರಿಂದ 1996ರವರೆಗೆ ಪ್ರಿನ್ಸ್‌ಟನ್ನಿನಲ್ಲಿ ಅವರು ಪ್ರಾಧ್ಯಾಪಿಕೆಯಾಗಿದ್ದರು. ಪತಿಯ ಕೆಲಸ ಟೊರಾಂಟೊದಲ್ಲಿ. ಆದುದರಿಂದ ವರ್ಷಗಟ್ಟಲೆ ಹೋಗುವುದು ಬರುವುದು ನಡೆದೇ ಇತ್ತು. 1987ರಲ್ಲಿ ಅಮೆರಿಕದ ಚರಿತ್ರಕಾರರ ಸಂಘಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಎರಡನೆಯ ಮಹಿಳೆ ಇವರು. ಮೊದಲನೆಯವರು ಕುಳಿತುದು 1943ರಲ್ಲಿ! ಪದವಿ ಬಿರುದುಗಳ ವಿಷಯ ಇಷ್ಟು ಸಾಕು.

ಜನಸಾಮಾನ್ಯರಿಗೆ ಅವರ ಹೆಸರು ತಿಳಿದುದು ಮಾರ್ಟಿನ್ ಗೆರ್ ಎಂಬವನ ಕಥೆಯಿಂದ. ಫ್ರಾನ್ಸಿನ ದಕ್ಷಿಣದಲ್ಲಿ ಆರ್ತಿಗಾ ಎಂಬ ಹಳ್ಳಿ. ಅಲ್ಲಿಯ ಯುವಕ ಮಾರ್ಟಿನನು 1548ರಲ್ಲಿ ಹೆಂಡತಿ ಬರ್ತ್ರಾಂಡಳನ್ನೂ ಎಳೆಮಗುವನ್ನೂ ಬಿಟ್ಟು ಹೊರಟುಹೋದನು. ಎಂಟು ವರ್ಷಗಳಾದ ಮೇಲೆ ಬಂದನು. ನೆಂಟರಿಷ್ಟರು ಗುರುತಿಸಿದರು, ಹೆಂಡತಿಯೂ ಒಪ್ಪಿದಳು, ಸಂಸಾರ ಸುಖವಾಗಿ ನಡೆಯಿತು. ಆಸ್ತಿಯ ವಿಷಯದಲ್ಲಿ ಚಿಕ್ಕಪ್ಪನೊಡನೆ ಮನಸ್ತಾಪ ಬಂದಾಗ ಮಾತ್ರ, “ಇವನು ನಮ್ಮ ಮಾರ್ಟಿನನೇ ಅಲ್ಲ” ಎಂಬ ಕೂಗೆದ್ದಿತು. (ಆಸ್ತಿಯ ಮಾತು ಬರುವವರೆಗೂ ಯಾರಿಗೂ ಅನುಮಾನವಿಲ್ಲದಿದ್ದುದನ್ನು ವಾಚಕರು ಗಮನಿಸಬೇಕು.) ಮೊಕದ್ದಮೆಯು ತುಲೂಸ್ ನಗರದ ಉಚ್ಚ ನ್ಯಾಯಸ್ಥಾನಕ್ಕೆ ಹೋಗಿ, ಆರೋಪಿಯು ಇನ್ನೇನು ಬಿಡುಗಡೆಯಾಗಬೇಕೆನ್ನುವಷ್ಟರಲ್ಲಿ, ಮರಗಾಲಿನ ಒಬ್ಬ ಮನುಷ್ಯನು ಕುಂಟುತ್ತ ಒಳಗೆ ಬಂದನು. ಅವನೇ ನಿಜವಾದ ಮಾರ್ಟಿನ್. ಸೋಗುಗಾರ ಆರ್ನೋ ದು ತಿಲ್ ಎಂಬವನನ್ನು 1560ರ ಸೆಪ್ಟೆಂಬರಿನಲ್ಲಿ ಅದೇ ಹಳ್ಳಿಯಲ್ಲಿ ಗಲ್ಲಿಗೇರಿಸಿದರು.

1982ರಲ್ಲಿ ಇದರ ಮೇಲೆ ಫ್ರೆಂಚ್ ಚಲನಚಿತ್ರವು ಬಂದಿತು. ಡೇವಿಸ್ ಅವರು ಅದಕ್ಕೆ ಸಲಹೆಗಾರರಾಗಿದ್ದರು. ಚಿತ್ರದಲ್ಲಿ ಬಿಟ್ಟುಹೋದುದನ್ನು ಹೇಳಬೇಕೆಂಬ ತವಕದಿಂದ ಮರುವರ್ಷ ತಮ್ಮ ಪುಸ್ತಕವನ್ನು ಹೊರತಂದರು. ಬರ್ತ್ರಾಂಡಳು ಮೋಸಹೋದ ಮುಗ್ಧೆಯಲ್ಲ, ತಿಳಿದೂ ತಿಳಿದೂ ಆ ಹೊಸಬನನ್ನು ಗಂಡನೆಂದು ಒಪ್ಪಿದಳೆಂಬುದು ಅವರ ಮತ. ಪಾದ್ರಿಯಿಲ್ಲದೆ ನೇರವಾಗಿ ದೇವರಿಗೇ ಲೆಕ್ಕ ಒಪ್ಪಿಸಬಹುದೆಂದು ಹೇಳುವ ಹೊಸ ಮತವು ಆ ಇಬ್ಬರಿಗೆ ಸಮಾಧಾನ ಕೊಟ್ಟಿರಬಹುದೆಂದೂ ಊಹಿಸಿದರು. ಊಹೆಯು ಅತಿಯಾಯಿತೆಂದು 1988ರಲ್ಲಿ ಒಬ್ಬ ವಿದ್ವಾಂಸರು ಕಟುವಾಗಿ ಟೀಕಿಸಿದರು; ಇವರೂ ವಿವರವಾಗಿ ಉತ್ತರ ಕೊಟ್ಟರು. ಹೊಸ ಮತದ ವಿಷಯದಲ್ಲಿ ಆಧಾರವು ತೆಳುವೆಂದೇ ನಮ್ಮ ಎಣಿಕೆ. ಆದರೆ ಬರ್ತ್ರಾಂಡಳ ವಿಷಯದಲ್ಲಿ ನಾವು ಡೇವಿಸ್ ಅವರ ಪಕ್ಷ. ಮೂರು ವರ್ಷ ಸಂಸಾರ ನಡಸಿದ ಹೆಂಗಸಿಗೆ ತನ್ನ ಗಂಡನಾರೆಂಬುದು ತಿಳಿಯಲಿಲ್ಲವೆಂದು ನ್ಯಾಯಾಧೀಶರು ನಂಬಬಹುದು, ಗೃಹಿಣಿಯರು ನಂಬಲಾರರು.

ಈ ಮೊಕದ್ದಮೆಯನ್ನು ನಡಸಿ, ಅದನ್ನು ಕುರಿತು 1561ರಲ್ಲಿ ಪುಸ್ತಕ ಬರೆದವನು ಜ್ಯಾಂ ದ ಕೊರಾಸ್ ಎಂಬ ನ್ಯಾಯಾಧೀಶ. ಇಬ್ಬರು ಮಾರ್ಟಿನರಲ್ಲಿ ನಿಜವಾರು ಸುಳ್ಳಾರೆಂದು ಅಷ್ಟು ತಾಳ್ಮೆಯಿಂದ ತೂಗಿನೋಡಿದ ಈತನು ಪ್ರಾಟೆಸ್ಟಂಟನು. 1572ರ ಅಕ್ಟೋಬರಿನಲ್ಲಿ, ಪ್ಯಾರಿಸಿನ ಹತ್ಯಾಕಾಂಡದ ಅಲೆಯು ತುಲೂಸನ್ನು ಮುಟ್ಟಿದಾಗ, ಗುಂಪು ಈತನನ್ನು ಕೊಂದು, ನ್ಯಾಯಾಧೀಶನ ಕೆಂಪು ನಿಲುವಂಗಿಯನ್ನು ತೊಡಿಸಿ, ಆತನು ತೀರ್ಪು ಕೊಡುತ್ತಿದ್ದ ನ್ಯಾಯಸ್ಥಾನದ ಮುಂದೆಯೇ ನೇತುಹಾಕಿತು. ಆ ನಿಲುವಂಗಿಯನ್ನು ಹುಡುಕಿ ತಂದು ತೊಡಿಸಿದ ಕೈಗಳು ಹುಚ್ಚನ ಕೈಗಳಲ್ಲ.

ಮುಂದಿನ ಪುಸ್ತಕಗಳ ಹೆಸರನ್ನು ಹೇಳಿ ಮುಂದುವರಿಯುವುದಷ್ಟೇ ಇಲ್ಲಿ ಸಾಧ್ಯ. ಕೊಲೆಮಾಡಿದವರು ರಾಜನಿಗೆ ಕ್ಷಮೆ ಬೇಡಿ ಬರೆಯಿಸಿದ ಅರ್ಜಿಗಳಲ್ಲಿ ಕಥೆ ಕಟ್ಟುವ ಕೌಶಲವನ್ನು ಕುರಿತು ಒಂದು, 1987ರಲ್ಲಿ. ಯೆಹೂದ್ಯ ವ್ಯಾಪಾರಸ್ಥೆ, ಕ್ಯಾಥೊಲಿಕ್ ಸನ್ಯಾಸಿನಿ, ಪ್ರಾಟೆಸ್ಟಂಟ್ ಚಿತ್ರಕಾರ್ತಿ, ಹೀಗೆ ಹದಿನೇಳನೆಯ ಶತಮಾನದ ಮೂವರು ಹೆಂಗಸರ ಜೀವನವನ್ನು ಹೇಳುವ ಇನ್ನೊಂದು, 1995ರಲ್ಲಿ, ಇದರ ಮುನ್ನುಡಿಯಲ್ಲಿ ಆ ಮೂವರೂ ಎದ್ದು ಬಂದು, “ನಮ್ಮನ್ನು ಒಂದೇ ಪುಸ್ತಕದಲ್ಲಿ ಏಕೆ ಕೂಡಿಹಾಕಿದೆ?” ಎಂದು ಲೇಖಕಿಯೊಡನೆ ಜಗಳವಾಡುವಂತೆ ಬರೆದಿರುವುದು ಬಹಳ ಸೊಗಸು. 2006ರಲ್ಲಿ ಬಂದುದು ಅಲ್-ಹಸನ್ ಅಲ್-ವಜ್ಜಾನ್ ಎಂಬ ಮುಸಲ್ಮಾನ ರಾಜತಂತ್ರಜ್ಞನ ಚರಿತ್ರೆ. 1518ರಲ್ಲಿ ಕಡಲುಗಳ್ಳರ ಕೈಗೆ ಸಿಕ್ಕಿ, ರೋಮಿನಲ್ಲಿ ಪೋಪನಿಂದ ಕ್ರೈಸ್ತದೀಕ್ಷೆ ಪಡೆದು, ಎರಡು ಮತಗಳ ನಡುವೆ ತನ್ನ ಬುದ್ಧಿಯೊಂದನ್ನೇ ನೆಚ್ಚಿ ಬಾಳಿದವನು ಈತ.

1952ರಲ್ಲಿ ಪಾಸ್‌ಪೋರ್ಟನ್ನು ಕಿತ್ತುಕೊಂಡ ದೇಶವು 2013ರಲ್ಲಿ, ಅಧ್ಯಕ್ಷರ ಭವನದಲ್ಲಿ, ಡೇವಿಸ್ ಅವರ ಕೊರಳಿಗೆ ಪದಕವನ್ನು ಹಾಕಿತು. ಚಾಂಡ್ಲರ್ ಡೇವಿಸ್ ಅವರನ್ನು ಹೊರಗೆ ಹಾಕಿದ ಮಿಚಿಗನ್ನಿನಲ್ಲಿ, ಅವರದೂ ಅವರ ಜೊತೆಗೆ ಶಿಕ್ಷೆಗೊಳಗಾದ ಇನ್ನಿಬ್ಬರದೂ ಹೆಸರಿನಲ್ಲಿ, ವಿದ್ಯಾಸ್ವಾತಂತ್ರ್ಯವನ್ನು ಕುರಿತ ವಾರ್ಷಿಕ ಉಪನ್ಯಾಸವು 1990ರ ದಶಕದಿಂದ ಏರ್ಪಟ್ಟಿತು.

ಇಂಗ್ಲಿಷು ಬಲ್ಲ ವಾಚಕರು ಮಾರ್ಟಿನ್ ಗೆರ್‌ನ ಪುಸ್ತಕದಿಂದ ಆರಂಭಿಸಬಹುದು. ಚಿಕ್ಕ ಪುಸ್ತಕ, ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ, ಮನೆಮಂದಿಗೆಲ್ಲ ಕಥೆಯಂತೆ ಹೇಳಲೂ ಬಹುದು. ದೊಂಬಿಯ ಪ್ರಬಂಧವು 1975ರಲ್ಲಿ ಬಂದ ಅವರ ಲೇಖನಸಂಗ್ರಹದಲ್ಲಿ ಸೇರಿದೆ. ಅದನ್ನು ಮಾತ್ರ ಮಕ್ಕಳು ಮಲಗಿದ ಮೇಲೆ ಓದುವುದು ಲೇಸು.